ಹೂವಮ್ಮನ ಎಡ ಮಂಡಿ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯ ಹೂವಮ್ಮ ಮೊದಲ ಸಲ ಮೆಟ್ಟುಗತ್ತಿಯ ಮುಂದೆ ಕೂತಾಗ ಆಕೆಗೆ ಹದಿಮೂರು ವರ್ಷ. ಈಗ ಐವತ್ತೊಂಬತ್ತು. ಮೆಟ್ಟುಗತ್ತಿ ಎಂದರೆ ಒಂದು ಮೊಳದ ಹಲಗೆ, ಅದರ ತುದಿಗೆ ನೆಟ್ಟಗೆ ನಿಲ್ಲಿಸಿದ ಕತ್ತಿ. ನೆಲದ ಮೇಲೆ ಕೂತು, ಎಡಗಾಲನ್ನು ಮಡಚಿ, ಹಲಗೆ ಅಲುಗಾಡದಂತೆ ಆ ಕಾಲಿನಿಂದ ಒತ್ತಿ ಹಿಡಿದು, ಹಸಿ ಅಡಿಕೆಯನ್ನು ಕತ್ತಿಯ ಬಾಯಿಗೆ ಕೊಟ್ಟು ಸಿಪ್ಪೆ ಬಿಡಿಸಬೇಕು. ಬೆಳಿಗ್ಗೆ ಕೂತವರು ಸಂಜೆ ಏಳುತ್ತಾರೆ. ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆಯುತ್ತಾರೆ. ಊರಿನ ಉಳಿದ ಹೆಂಗಸರು ದಿನಕ್ಕೆ ಐದಾರು ಡಬ್ಬ ಸುಲಿದರೆ ಹೂವಮ್ಮ ಎಂಟು ಸುಲಿಯುತ್ತಿದ್ದಳು.

ಈ ಎಂಟು ಡಬ್ಬವೇ ಆಕೆಯ ಸ್ಥಾನ. ತನ್ನನ್ನೂ ಸೇರಿಸಿ ಹನ್ನೊಂದು ಹೆಂಗಸರ ಗುಂಪಿಗೆ ಆಕೆ ಯಜಮಾನಿ. ಯಾರ ಮನೆಗೆ ಎಂದು ಹೋಗಬೇಕು, ಯಾರು ಬರಬೇಕು, ಯಾರು ಬೇಡ ಎಂಬುದನ್ನೆಲ್ಲ ಆಕೆಯೇ ಹೇಳುವುದು. ಗಂಡ ತೀರಿ ಹದಿನೆಂಟು ವರ್ಷವಾಯಿತು. ಮಗ ರಾಜಕುಮಾರ್ ಊರಲ್ಲೇ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ, ಊಟಕ್ಕೆ ಕೊರತೆಯಿಲ್ಲ. "ಮನೇಲಿ ಕೂತ್ಕ ಅಮ್ಮ" ಎಂದು ಅವನು ಹೇಳುತ್ತಲೇ ಇದ್ದ. ಮನೆಯಲ್ಲಿ ಕೂತರೆ ಆಕೆ ರಾಜಕುಮಾರನ ತಾಯಿ ಮಾತ್ರ. ಸುಲಿಯುವ ಚಪ್ಪರದಲ್ಲಿ ಆಕೆ ಹೂವಮ್ಮ. ಈ ವ್ಯತ್ಯಾಸ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷದ ಹಿಂದೆ, ಸುಗ್ಗಿಗೆ ಇನ್ನೂ ತಿಂಗಳೊಪ್ಪತ್ತು ಇರುವಾಗ, ನಾನು ಕುಪ್ಪಗಡ್ಡೆಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಹೂವಮ್ಮ ಅಲ್ಲಿಗೆ ಬಂದಳು. ಮುಖ ದುಂಡಗಾಗಿತ್ತು, ಕೆನ್ನೆ ಉಬ್ಬಿತ್ತು.

"ಮೈ ಕೈ ತುಂಬ್ಕಂಡು ಚೆನ್ನಾಗಾಗೀಯಲ್ಲೇ ಹೂವಿ" ಎಂದಳು ನನ್ನ ತಂಗಿ.

ನನಗೆ ಹಾಗನ್ನಿಸಲಿಲ್ಲ. ನಾನು ವೈದ್ಯೆಯಲ್ಲ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು. ಆದರೂ ತೋಳು ಸಣ್ಣದಾಗಿ ಮುಖ ಮಾತ್ರ ಊದಿದರೆ ಅದನ್ನು ಆರೋಗ್ಯ ಎನ್ನುವುದಿಲ್ಲ ಎಂಬಷ್ಟು ತಿಳಿದಿತ್ತು. ಏನು ಔಷಧಿ ತೆಗೆದುಕೊಳ್ಳುತ್ತೀ ಎಂದು ಕೇಳಿದೆ. ಸೊಂಟದ ಚೀಲದಿಂದ ಪೇಪರಿನ ಪೊಟ್ಟಣ ತೆಗೆದಳು. ಹೆಸರಿಲ್ಲದ ಬಿಡಿ ಗುಳಿಗೆಗಳು, ಬಿಳಿಯದೊಂದು, ಹಳದಿಯದೊಂದು.

"ಏನಿದು?"

"ನಂಗೇನು ಗೊತ್ತು ಅಮ್ಮ. ನಾವು ಸುಲಿಯೋ ಗುಳಿಗೆ ಅಂತೀವಿ. ಬೆಳಗ್ಗೆ ಚಾ ಜೊತೆ ಒಂದೊಂದು ತಗಂಡ್ರೆ ಸಂಜೆ ತಂಕ ಕಾಲು ಅನ್ನೋದು ಐತೆ ಅಂತ್ಲೇ ಗೊತ್ತಾಗಲ್ಲ."

"ನಾವು ಅಂದರೆ?"

"ಎಲ್ರೂ. ನಾನೇ ತಂದು ಹಂಚ್ತೀನಿ."

ಹೇಳುವಾಗ ಆಕೆಯ ದನಿಯಲ್ಲಿ ಹೆಮ್ಮೆ ಇತ್ತು. ಗುಂಪಿನವರಿಗೆ ಚಹಾ, ಎಲೆಯಡಿಕೆ, ಗುಳಿಗೆ ಎಲ್ಲವನ್ನೂ ನೋಡಿಕೊಳ್ಳುವುದು ಯಜಮಾನಿಯ ಕೆಲಸ. ಆರು ವರ್ಷದಿಂದ ಈ ಪದ್ಧತಿ ನಡೆದಿತ್ತು. ಹನ್ನೊಂದು ಜನರಲ್ಲಿ ಒಬ್ಬಳೂ ಇದೇನೆಂದು ಕೇಳಿರಲಿಲ್ಲ. ಗುಳಿಗೆ ಮಾರಿದ ಅಂಗಡಿಯವನೂ ಹೇಳಿರಲಿಲ್ಲ.

ನಾನು ಸಮಾಧಾನದ ಮಾತಾಡಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಆಕೆಯನ್ನು ಹತ್ತಿಸಿಕೊಂಡು ಶಿಕಾರಿಪುರಕ್ಕೆ ಹೋದೆ. ಅಲ್ಲಿ ಮೂಳೆ ರೋಗಗಳ ವೈದ್ಯೆ ಶ್ರೀಲತಾ ಎಂಬಾಕೆ ಇದ್ದಾಳೆ, ನಲವತ್ತರ ಆಸುಪಾಸಿನವಳು. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಆದವು. ಡಾಕ್ಟರು ಗುಳಿಗೆಯ ಪೊಟ್ಟಣ ಬಿಚ್ಚಿ ನೋಡಿದಳು. ಒಂದು ನೋವಿನ ಮಾತ್ರೆ, ಇನ್ನೊಂದು ಸ್ಟೀರಾಯ್ಡ್ ಇರಬೇಕೆಂದಳು. ಅದಕ್ಕೇ ಮುಖ ಊದಿರುವುದು. ಮೂತ್ರಪಿಂಡಕ್ಕೆ ಪೆಟ್ಟು ಬೀಳಲು ಶುರುವಾಗಿದೆ, ಮೂಳೆಯೂ ಟೊಳ್ಳಾಗುತ್ತಿದೆ.

"ನಾಳೆಯಿಂದ್ಲೇ ಬಿಟ್ಟುಬಿಡ್ತೀನಿ" ಎಂದಳು ಹೂವಮ್ಮ.

"ಹಂಗ ಒಮ್ಮೆಲೆ ಬಿಟ್ರೆ ಜೀವಕ್ಕೇ ಅಪಾಯ ರೀ. ನಾನು ಬರೆದುಕೊಟ್ಟ ಹಂಗ ಇಳಿಸ್ತಾ ಹೋಗ್ಬೇಕು. ನಿಮ್ಮ ಗುಂಪಿನವ್ರನ್ನೂ ಕಳ್ಸಿ, ಒಬ್ಬರನ್ನೂ ಬಿಡಬ್ಯಾಡ್ರಿ."

ಆಮೇಲೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು. ಬಲ ಮಂಡಿಯಲ್ಲಿ ಎರಡು ಮೂಳೆಗಳ ನಡುವೆ ಇನ್ನೂ ಸಂದಿಯಿತ್ತು. ಎಡ ಮಂಡಿಯ ಒಳಬದಿಯಲ್ಲಿ ಮೂಳೆಗೆ ಮೂಳೆ ತಾಗಿತ್ತು.

"ಎರಡೂ ಕಾಲು ಒಂದೇ ದಿನ ಹುಟ್ಯಾವೆ. ಎಡಗಾಲಿಗೆ ಮಾತ್ರ ಇಷ್ಟು ವಯಸ್ಸು ಹೆಂಗಾತು? ಏನು ಕೆಲಸ ಮಾಡ್ತೀರಿ, ಕೂತು ತೋರಿಸ್ರಿ."

ಹೂವಮ್ಮ ಆಸ್ಪತ್ರೆಯ ನೆಲದ ಮೇಲೆ ಕೂತು, ಎಡಗಾಲು ಮಡಚಿ, ಇಲ್ಲದ ಹಲಗೆಯನ್ನು ಒತ್ತಿ ಹಿಡಿದು ತೋರಿಸಿದಳು. ಆಮೇಲೆ ಏಳಲಾಗಲಿಲ್ಲ. ಮೇಜಿನ ಕಾಲು ಹಿಡಿದಳು, ಅದೂ ಸಾಲದೆ ನನ್ನ ಕೈ ಹಿಡಿದಳು.

"ಗೊತ್ತಾತು" ಎಂದಳು ಡಾಕ್ಟರು. "ಮಂಡಿ ಬದಲಿ ಮಾಡೋ ಆಪರೇಷನ್ ಐತಿ. ಮಾಡಿದ ಮ್ಯಾಲೂ ಹಿಂಗೇ ಕೂರ್ತೀನಂದ್ರ ನನ್ನ ಕೆಲ್ಸ ದಂಡ. ಮೊದ್ಲು ನೆಲ ಬಿಡ್ರಿ. ಕುರ್ಚಿ ಮ್ಯಾಲೆ ಕೂತು ಕಾಲು ನೆಟ್ಟಗೆ ಮಾಡಿ, ಹತ್ತು ಎಣಿಸಿ ಇಳಿಸ್ರಿ. ಬೆಳಗ್ಗೆ ಮೂವತ್ತು, ಸಂಜೆ ಮೂವತ್ತು. ತೊಡೆ ಗಟ್ಟಿ ಆದ್ರ ಮಂಡಿ ಮೇಲಿನ ಭಾರ ಅದು ಹೊರುತ್ತೈತಿ."

"ಕಾಲು ಎತ್ತಿ ಇಳಿಸಿದ್ರೆ ವಾಸಿ ಆಗೋದಾದ್ರೆ ನಿಮ್ಗೆ ಇಷ್ಟು ವರ್ಷ ಓದ್ಸಿದ್ದು ಯಾಕ್ರೀ?"

"ಅದನ್ನು ಹೇಳೋಕೆ ಧೈರ್ಯ ಬರ್ಲಿ ಅಂತ" ಎಂದು ಡಾಕ್ಟರು ನಕ್ಕಳು. ಹೂವಮ್ಮ ನಗಲಿಲ್ಲ. ನೆಲ ಬಿಟ್ಟರೆ ಕತ್ತಿ ಬಿಟ್ಟಂತೆ ಎಂದು ಆಕೆ ಆಗಲೇ ಲೆಕ್ಕ ಹಾಕುತ್ತಿದ್ದಳು.

ಗುಳಿಗೆಯ ವಿಷಯದಲ್ಲಿ ಆಕೆ ತಪ್ಪಲಿಲ್ಲ. ಹತ್ತು ಹೆಂಗಸರನ್ನು ಎರಡು ಸರದಿಯಲ್ಲಿ ಬಸ್ಸಿಗೆ ಹತ್ತಿಸಿ ಶಿಕಾರಿಪುರಕ್ಕೆ ಕಳಿಸಿದಳು. ಕಾಲೆತ್ತುವ ವ್ಯಾಯಾಮವನ್ನೂ ಮಾಡಿದಳು, ಬೈದುಕೊಂಡೇ. ಕುರ್ಚಿಯ ವಿಷಯದಲ್ಲಿ ಮಾತ್ರ ಪೆದ್ದು ಕೆಲಸ ಮಾಡಿದಳು. ಡಾಕ್ಟರು ಕುರ್ಚಿ ಮೇಲೆ ಕೂರಲು ಹೇಳಿದ್ದಾರೆಂದು ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೆಟ್ಟುಗತ್ತಿಯನ್ನು ನೆಲದಲ್ಲೇ ಇಟ್ಟು, ಪಾದದಿಂದ ಮೆಟ್ಟಿ, ಸುಗ್ಗಿಗೆ ಮುಂಚೆ ಉದುರಿದ ಅಡಿಕೆಯನ್ನು ಸೊಂಟ ಬಗ್ಗಿಸಿ ಸುಲಿದಳು. ಮೂರನೆಯ ದಿನ ಸೊಂಟ ಹಿಡಿಯಿತು. ಮಂಡಿಯ ಜೊತೆಗೆ ಬೆನ್ನೂ ಹೋಯಿತು ಎಂದು ಹಾಸಿಗೆ ಹಿಡಿದಳು. ಕುರ್ಚಿ ಏರಿದರೆ ಕತ್ತಿಯೂ ಏರಬೇಕು. ಇದು ಆಕೆಗಾಗಲಿ, ಡಾಕ್ಟರಿಗಾಗಲಿ, ನನಗಾಗಲಿ ಹೊಳೆದಿರಲಿಲ್ಲ.

ಹೊಳೆದಿದ್ದದ್ದು ಅದೇ ಊರಿನ ತಿಮ್ಮಮ್ಮನಿಗೆ, ಅದೂ ಮೂರು ವರ್ಷ ಮೊದಲೇ. ಈ ತಿಮ್ಮಮ್ಮ ಹಿಂದೆ ಹೂವಮ್ಮನ ಗುಂಪಿನಲ್ಲಿದ್ದವಳು. ಗದ್ದೆ ಬದುವಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ ನೆಲಕ್ಕೆ ಕೂರಲಾಗುತ್ತಿರಲಿಲ್ಲ. ಅವಳ ಗಂಡ ಜಯಪ್ಪ ಬಡಗಿ. ಅವನು ಒಂದು ಬೆಂಚು, ಬೆಂಚಿನ ಮುಂದೆ ನಿಲ್ಲುವ ಒಂದು ಗಟ್ಟಿ ಗೂಟ ಮಾಡಿ, ಗೂಟದ ತಲೆಗೆ ಕತ್ತಿ ಕೂರಿಸಿ, ಬುಡಕ್ಕೆ ಒಂದು ಚಪ್ಪಡಿ ಕಲ್ಲು ಹೇರಿದ್ದ. ಕಾಲು ಮಾಡುತ್ತಿದ್ದ ಕೆಲಸವನ್ನು ಕಲ್ಲು ಮಾಡುತ್ತಿತ್ತು. ತಿಮ್ಮಮ್ಮ ಅದನ್ನು ಹೊರಿಸಿಕೊಂಡು ಊರಿನ ದೊಡ್ಡ ಬೆಳೆಗಾರ ಲೋಕಪ್ಪ ಗೌಡರ ಚಪ್ಪರಕ್ಕೆ ಬಂದ ದಿನ ಹೂವಮ್ಮ ಎಲ್ಲರೆದುರು ಕೇಳಿದ್ದಳು: "ಏನೇ, ತಾಲ್ಲೂಕು ಆಫೀಸಿನ ಗುಮಾಸ್ತಿ ಆಗೀಯಾ? ಗೌಡ್ರು ನಿಂತಿರ್ತಾರೆ, ನೀನು ಬೆಂಚ್ ಮೇಲೆ ಕೂರ್ತೀಯಾ?"

ಗೌಡರು ಏನೂ ಅಂದಿರಲಿಲ್ಲ. ಕೂಲಿಯವರು ನೆಲದಲ್ಲೇ ಕೂರಬೇಕೆಂದು ಅಲ್ಲಿ ಯಾರೂ ಆಜ್ಞೆ ಮಾಡಿಲ್ಲ. ಹಾಗೆ ಕೂರುವುದೇ ಮರ್ಯಾದೆ ಎಂದು ಕೂಲಿ ಹೆಂಗಸರೇ ಕಾಯ್ದುಕೊಂಡು ಬಂದದ್ದು. ಎಲ್ಲರೂ ನಕ್ಕರು. ತಿಮ್ಮಮ್ಮ ಬೆಂಚು ಹೊರಿಸಿಕೊಂಡು ವಾಪಸು ಹೋದಳು. ಆಮೇಲೆ ಸಣ್ಣ ಹಿಡುವಳಿಯವರು ಚೀಲದಲ್ಲಿ ತಂದುಕೊಟ್ಟ ಅಡಿಕೆಯನ್ನು ತನ್ನ ಜಗಲಿಯಲ್ಲೇ ಒಬ್ಬಳೇ ಸುಲಿಯತೊಡಗಿದಳು.

ಸುಗ್ಗಿ ಶುರುವಾಗಲು ಎಂಟು ದಿನ ಇರುವಾಗ ಹೂವಮ್ಮ ಕೋಲೂರಿಕೊಂಡು ಆ ಜಗಲಿಗೆ ಹೋದಳು. ತಂಗಿಯ ಮನೆಯಲ್ಲೇ ಉಳಿದಿದ್ದ ನಾನೂ ಜೊತೆಗಿದ್ದೆ.

ತಿಮ್ಮಮ್ಮ ಕತ್ತಿಯಿಂದ ಕೈ ತೆಗೆಯಲಿಲ್ಲ. "ಬಾರೇ ಯಜಮಾನ್ತಿ. ನೆಲದ ಮೇಲೆ ಕೂರ್ತೀಯೋ, ಬೆಂಚು ಹಾಕ್ಸ್ಲೋ?"

"ಬೆಂಚೇ ಹಾಕ್ಸು."

"ಗುಮಾಸ್ತಿ ಕೆಲ್ಸಕ್ಕೆ ಅರ್ಜಿ ಹಾಕೋಕೆ ಬಂದೀಯೇನು?"

"ಹೂಂ, ಹಾಕೋಕೇ ಬಂದೆ. ಜಯಪ್ಪಣ್ಣನ ಹತ್ರ ಇಂಥದ್ದೊಂದು ಮಾಡ್ಸಿಕೊಡು."

"ಮಾಡ್ಸಿಕೊಡ್ತೀನಿ. ಆದ್ರೆ ಒಂದು ಮಾತು. ಲೋಕಪ್ಪ ಗೌಡ್ರ ಚಪ್ಪರದಲ್ಲಿ ನನ್ ಬೆಂಚೂ ಬೀಳಬೇಕು, ನಿನ್ ಪಕ್ಕದಲ್ಲೇ. ನೀನೇ ಎಲ್ರ ಎದುರಿಗೆ ನನ್ನ ಕರೀಬೇಕು."

ಹೂವಮ್ಮ ಕೋಲಿನ ತುದಿಯಿಂದ ಜಗಲಿಯ ಸಿಪ್ಪೆಯನ್ನು ಬದಿಗೆ ಸರಿಸಿದಳು. "ಕರೀತೀನಿ" ಎಂದಳು ಕೊನೆಗೆ. ತಪ್ಪಾಯಿತು ಎಂದು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಸುಗ್ಗಿಯ ಮೊದಲ ದಿನ ಚಪ್ಪರದಲ್ಲಿ ಎರಡು ಬೆಂಚು ಬಿದ್ದವು. ಹೂವಮ್ಮ ಅಂಗಳದ ಕಡೆ ತಿರುಗಿ "ತಿಮ್ಮಕ್ಕ, ಬಾ, ಇಲ್ಲಿ ಕೂತ್ಕ" ಎಂದು ಕರೆದಳು. ಈ ಸಲ ಯಾರೂ ನಗಲಿಲ್ಲ. ಗುಳಿಗೆ ಇಳಿಸುತ್ತಿದ್ದ ಹೆಂಗಸರಿಗೆಲ್ಲ ಮೈಕೈ ನೋವು, ನಗುವ ಉಮೇದು ಇರಲಿಲ್ಲ.

ಲೋಕಪ್ಪನಿಗೆ ಬೆಂಚು ಲೆಕ್ಕಕ್ಕೇ ಬರಲಿಲ್ಲ. ಅವನ ತಕರಾರು ಬೇರೆ. "ನೋಡಮ್ಮ ಹೂವಮ್ಮ, ಇವತ್ತು ಮರದಿಂದ ಇಳಿಸಿದ ಅಡಿಕೆ ಗೊನೆ ನಾಳೆ ಸಂಜೆ ಒಳಗೆ ಸುಲಿದು ಬೇಯಬೇಕು. ತಡ ಆದ್ರೆ ಬಣ್ಣ ಕೂರಲ್ಲ. ನಾಲ್ಕು ದಿನ ನೋಡ್ತೀನಿ. ರಾಶಿ ಉಳಿದ್ರೆ ಸೊರಬದಿಂದ ಸುಲಿಯೋ ಮಿಷನ್ ತರಿಸ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ."

ಮಿಷನ್ ಒಮ್ಮೆ ಚಪ್ಪರದೊಳಗೆ ಬಂದರೆ ಹೊರಗೆ ಹೋಗುವುದಿಲ್ಲ. ತಿಮ್ಮಮ್ಮ ಸೇರಿ ಹನ್ನೆರಡು ಜನರ ಕೆಲಸ ಆ ನಾಲ್ಕು ದಿನದ ಮೇಲೆ ನಿಂತಿತು.

ಮೊದಲ ದಿನ ಹೂವಮ್ಮ ಸುಲಿದದ್ದು ಮೂರು ಡಬ್ಬ. ನಲವತ್ತನಾಲ್ಕು ವರ್ಷ ಕೆಳಮುಖವಾಗಿ ಒತ್ತಿದ ಕೈಗೆ ಎದೆಯೆದುರಿನ ಕತ್ತಿ ಒಗ್ಗಲಿಲ್ಲ, ಎರಡು ಸಲ ಬೆರಳು ಕೊಯ್ದುಕೊಂಡಳು. ಪಕ್ಕದಲ್ಲಿ ತಿಮ್ಮಮ್ಮ ಆರು ಡಬ್ಬ ಮುಗಿಸಿದಳು. ಹೂವಮ್ಮನಿಗೆ ಗಾಯಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಅದು. ರಾಶಿಯಲ್ಲಿ ಕಾಲು ಭಾಗ ಉಳಿಯಿತು. ಎರಡನೆಯ ದಿನ ಜಯಪ್ಪ ಬಂದು, ಆಕೆಯ ಕೈ ನೋಡಿ, ಗೂಟವನ್ನು ನಾಲ್ಕು ಬೆರಳು ಕುಗ್ಗಿಸಿ ಕತ್ತಿಯನ್ನು ತುಸು ಓರೆ ಮಾಡಿದ. ಅಂದು ಆಕೆಯದು ನಾಲ್ಕೂವರೆ ಡಬ್ಬ ಆಯಿತು. ಆದರೂ ರಾಶಿ ಉಳಿಯಿತು.

ಅದೇ ದಿನ ಮಧ್ಯಾಹ್ನ ಊಟವಾದ ಮೇಲೆ ಹೂವಮ್ಮ ಒಂದು ಸಂಗತಿ ಗಮನಿಸಿದಳು. ನೆಲದಲ್ಲಿ ಕೂತವರು ಗಂಟೆಗೊಮ್ಮೆ ಜೋಮು ಹಿಡಿದ ಕಾಲು ಚಾಚಿ ತಿಕ್ಕಿಕೊಳ್ಳುತ್ತಿದ್ದರು, ಒಬ್ಬೊಬ್ಬರೂ ಏಳಲು ಇನ್ನೊಬ್ಬರನ್ನು ಕರೆಯುತ್ತಿದ್ದರು. ಗುಳಿಗೆ ಇದ್ದಾಗ ಇದು ಕಾಣುತ್ತಿರಲಿಲ್ಲ. ತಿಮ್ಮಮ್ಮ ಮಾತ್ರ ಬೆಳಿಗ್ಗೆ ಇದ್ದ ವೇಗದಲ್ಲೇ ಇದ್ದಳು.

"ಜಯಪ್ಪಣ್ಣ, ನಾಳೆ ಬೆಳಗ್ಗೆಗೆ ಇನ್ನೆಷ್ಟು ಆಗ್ತವೆ?"

"ನಾಲ್ಕು. ಮರ ಸಿಕ್ಕಿದ್ರೆ."

ಮರ ಲೋಕಪ್ಪನ ಕೊಟ್ಟಿಗೆಯಲ್ಲೇ ಸಿಕ್ಕಿತು. ಮಂಡಿ ಹೆಚ್ಚು ಹಾಳಾದ ನಾಲ್ವರನ್ನು ಹೂವಮ್ಮ ಬೆಂಚಿಗೆ ಏರಿಸಿದಳು. ಮೂರನೆಯ ದಿನ ಹೊಸಬರೆಲ್ಲ ತಡವರಿಸಿದರು, ರಾಶಿ ಇನ್ನೂ ದೊಡ್ಡದಾಯಿತು. ಲೋಕಪ್ಪ ಫೋನಿನಲ್ಲಿ ಮಿಷನ್ನಿನವನ ಜೊತೆ ಮಾತಾಡುತ್ತ ಅಂಗಳದಲ್ಲಿ ತಿರುಗಾಡಿದ. ನಾಲ್ಕನೆಯ ದಿನ ಹೂವಮ್ಮ ಎಲ್ಲರನ್ನೂ ಒಂದು ಗಂಟೆ ಮೊದಲು ಕೂರಿಸಿದಳು. ಮಧ್ಯಾಹ್ನದ ನಂತರ ಬೆಂಚಿನ ಆರು ಜನರ ಕೈ ನಿಧಾನವಾಗಲಿಲ್ಲ. ಹೊತ್ತು ಇಳಿಯುವಾಗ ನೆಲದಲ್ಲಿ ಬರಿಯ ಸಿಪ್ಪೆ ಇತ್ತು. ಹೂವಮ್ಮನದು ಆರು ಡಬ್ಬ. ಎಂಟು ಆಗಲಿಲ್ಲ, ಮುಂದೆಯೂ ಆಗಿಲ್ಲ.

ಲೋಕಪ್ಪ ಖಾಲಿ ಜಾಗವನ್ನು ಒಮ್ಮೆ ನೋಡಿದ. "ನಾಳೆ ಎಷ್ಟೊತ್ತಿಗೆ ಬರ್ತೀರಿ?" ಎಂದು ಮಾತ್ರ ಕೇಳಿದ.

ಸುಗ್ಗಿ ಮುಗಿದ ಮೇಲೆ ಶಿಕಾರಿಪುರದಲ್ಲಿ ಮತ್ತೆ ಪರೀಕ್ಷೆ ಆಯಿತು. ಎಡ ಮಂಡಿ ಮೊದಲಿನಂತೇ ಇದೆ, ಸವೆದ ಮೂಳೆ ಬೆಳೆಯುವುದಿಲ್ಲ. ಮೂತ್ರಪಿಂಡದ ಲೆಕ್ಕ ಸುಧಾರಿಸಿದೆ, ಮುಖ ಇಳಿದಿದೆ, ತೊಡೆಗೆ ಬಲ ಬಂದಿದೆ. ಕುರ್ಚಿಯಿಂದ ಕೈಯೂರದೆ ಏಳುತ್ತಾಳೆ. ಆಪರೇಷನ್ನಿಗೆ ಅವಸರವಿಲ್ಲ ಎಂದಿದ್ದಾಳೆ ಡಾಕ್ಟರು. ಗುಂಪಿನ ಇಬ್ಬರಿಗೆ ಇನ್ನೂ ಔಷಧಿ ನಡೆಯುತ್ತಿದೆ. ಅವರಿಗೆ ಗುಳಿಗೆ ಹಂಚಿದವಳು ತಾನೇ ಎಂಬುದನ್ನು ಹೂವಮ್ಮ ಮರೆತಿಲ್ಲ. ಆ ಇಬ್ಬರನ್ನೂ ಪ್ರತಿ ತಿಂಗಳು ಆಕೆಯೇ ಬಸ್ಸಿಗೆ ಹತ್ತಿಸಿ ಕರೆದೊಯ್ಯುತ್ತಾಳೆ.

ಈ ವರ್ಷ ಗುಂಪಿಗೆ ನಾಗಶ್ರೀ ಎಂಬವಳು ಸೇರಿದಳು, ಊರಿನ ಒಂದು ಮನೆಗೆ ಹೊಸದಾಗಿ ಬಂದ ಸೊಸೆ. ವಯಸ್ಸು ಇಪ್ಪತ್ತಾರು, ಕೈ ಚುರುಕು. ಬಂದವಳೇ ನೆಲದ ಮೇಲೆ ಕಾಲು ಮಡಚಿ ಕೂತಳು.

"ಏಳು. ಬೆಂಚಿಗೆ ಹೋಗು" ಎಂದಳು ಹೂವಮ್ಮ.

"ನಂಗೇನಾಗೈತೆ ಹೂವಕ್ಕ? ನನ್ ಮಂಡಿ ಚೆನ್ನಾಗೇ ಐತೆ."

"ಚೆನ್ನಾಗೈತೆ ಅಂತ್ಲೇ ಹೇಳಿದ್ದು. ಹಾಳಾದ ಮೇಲೆ ಹೇಳೋಕೆ ಡಾಕ್ಟ್ರಮ್ಮ ಅದಾರೆ."

"ಬೆಂಚಲ್ಲಿ ಸುಲಿದ್ರೆ ನಂಗೆ ಮೂರು ಡಬ್ಬನೂ ಆಗಲ್ಲ."

"ಆಗೋದು ಬೇಡ. ಏಳ್ತೀಯೋ, ಮನೆಗೆ ಹೋಗ್ತೀಯೋ?"

ನಾಗಶ್ರೀ ಗೊಣಗುತ್ತ ಬೆಂಚಿಗೆ ಹೋದಳು. ಅಂದು ಅವಳ ಕೈಯಲ್ಲಿ ನಿಜಕ್ಕೂ ಮೂರು ಡಬ್ಬ ಆಗಲಿಲ್ಲ. ಅವಳ ಪಾಲಿನಲ್ಲಿ ಉಳಿದದ್ದನ್ನು ಹೂವಮ್ಮ ಮತ್ತು ತಿಮ್ಮಮ್ಮ ಅರ್ಧರ್ಧ ಹಂಚಿಕೊಂಡು ಸುಲಿದು ಮುಗಿಸಿದರು.