ಬೆಂಗಳೂರಿಗೆ ಒಂದೂಮುಕ್ಕಾಲು ಗಂಟೆ

ಮಾನ್ಯ ಓದುಗರಲ್ಲಿ ವಿನಂತಿ. ಇದು ಗಾರೆ ಕೆಲಸದ ಕರಣೆ ಹಿಡಿದು ಪಳಗಿದ ಕೈಯ ಬರಹವಾದ್ದರಿಂದ ಅಕ್ಷರದೋಷಗಳನ್ನು ಮನ್ನಿಸಬೇಕು.

ನವಿ ಮುಂಬೈ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಸುಮಾರು ಎಂಟುನೂರು ಕಿಲೋಮೀಟರು, ಒಂದೂಮುಕ್ಕಾಲು ಗಂಟೆಯ ಹಾರಾಟವೆಂದು ಪತ್ನಿ ಶಾಂತವ್ವನಿಗೆ ತಿಳಿಸಲಾಯಿತು. ಆಕೆ ನಂಬಲಿಲ್ಲ.

“ಭಿವಂಡಿಯಿಂದ ಇಲ್ಲಿಗೆ ಬರಾಕ ಎರಡು ತಾಸ ಆತು. ಬೆಂಗಳೂರು ಅದಕ್ಕಿಂತ ಹತ್ರ ಏನ್ರಿ? ಈ ನೆಲಾನೂ ನಾನ ಹಾಸೀನಿ ಅಂತೀರಿ. ಎಲ್ಲಾ ಬರೇ ಬಡಾಯಿ!”

ಮೇಲ್ಕಂಡ ಆರೋಪಗಳ ಪೈಕಿ ಎರಡನೆಯದಕ್ಕೆ ಅಲ್ಲಿಯೇ ಉತ್ತರಿಸುವುದು ಅಗತ್ಯವಾಯಿತು. ಗೇಟಿನ ಬಳಿಯ ಕಂಬದ ಪಕ್ಕ ಮೊಣಕಾಲೂರಿ, ನಾನು ಕೂರಿಸಿದ ಕಲ್ಲುಗಳನ್ನು ನಾಣ್ಯದಿಂದ ಒಂದೊಂದಾಗಿ ತಟ್ಟತೊಡಗಿದೆ. ಅಡಿಯಲ್ಲಿ ಸಿಮೆಂಟು ಸರಿಯಾಗಿ ಕೂತಿರದಿದ್ದರೆ ಟೊಳ್ಳು ಸದ್ದು ಬರುತ್ತದೆ.

ಏನೋ ಬಿತ್ತೆಂದುಕೊಂಡು ಕಾವಲುಗಾರ ಓಡಿಬಂದ. “ಕ್ಯಾ ಗಿರಾ, ಚಾಚಾ?”

“ಕುಛ್ ನಹೀ ಗಿರಾ ಸಾಬ್. ಮೇರಾ ಕಾಮ್ ಹೈ, ಚೆಕ್ ಕರ್ ರಹಾ ಹೂಂ.” ನಾನೇ ಮಾಡಿದ ಕೆಲಸವನ್ನು ಪರೀಕ್ಷಿಸುತ್ತಿರುವುದಾಗಿ ಹೀಗೆ ತಿಳಿಸಲಾಯಿತು.

ಆತ ನಕ್ಕು, ಬೂಟಿನ ಹಿಮ್ಮಡಿಯಿಂದ ತಾನೂ ಬಡಿದು ನೋಡಿದ. ಒಂದು ಕಲ್ಲೂ ಟೊಳ್ಳಾಗಿರಲಿಲ್ಲ. ಶಾಂತವ್ವ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಆ ನೆಲದ ಮೇಲೆ ಬರಿಗಾಲಲ್ಲಿ ನಿಂತಳು.

“ಹಂಗಾದ್ರ ಒಂದೂಮುಕ್ಕಾಲು ತಾಸೂ ಖರೇ ಇರಬೇಕು ಬಿಡ್ರಿ,” ಎಂದಳು.

ವಿಮಾನಕ್ಕೆ ಕರೆ ಬಂದಿರುವುದರಿಂದ ಇಲ್ಲಿಗೆ ನಿಲ್ಲಿಸಲಾಗಿದೆ. ತಪ್ಪುಗಳು ಕಂಡಲ್ಲಿ ತಾವೇ ತಿದ್ದಬೇಕಾಗಿ ಕೋರಿಕೆ.