ಬಚ್ಚಂಗಾಯಿ ಗುಳಿಗೆ ಹಾಕಿದ ಸುಣ್ಣ

ನಾನು ಸಣ್ಣವಳಿದ್ದಾಗ ಮಣ್ಣಿನ ಗುಣ ತಿಳಿಯಲು ಯಾರೂ ಅದನ್ನು ಪೊಟ್ಟಣ ಕಟ್ಟಿ ಎಲ್ಲಿಗೂ ಕಳಿಸುತ್ತಿರಲಿಲ್ಲ. ನಮ್ಮಜ್ಜಿ ಬಾಯಿಗೆ ಹಾಕಿ ನೋಡುತ್ತಿದ್ದಳು. ನಗಬೇಡಿ, ನಾನೂ ಹಾಕಿಕೊಂಡಿದ್ದೇನೆ. ಬಿಜೂರಿನ ನಮ್ಮ ಗದ್ದೆಯಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಬಚ್ಚಂಗಾಯಿ ಬೆಳೆಯುವುದು ರೂಢಿ. ಈಗಿನವರು ಕಲ್ಲಂಗಡಿ ಅನ್ನುತ್ತಾರೆ, ಹಣ್ಣು ಅದೇ. ಬೀಜ ಊರುವ ಮೊದಲು ಅಜ್ಜಿ ಗದ್ದೆಯ ನಾಲ್ಕು ಮೂಲೆಯಿಂದ ಚಿಟಿಕೆ ಮಣ್ಣು ತೆಗೆದು ನಾಲಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಥೂ ಎಂದು ಉಗಿದು ತೀರ್ಪು ಕೊಡುತ್ತಿದ್ದಳು.

ಇದು ಎರಡನೆಯ ಮಹಾಯುದ್ಧದ ವರ್ಷಗಳ ಮಾತು. ನನಗಾಗ ಎಂಟು ವರ್ಷ. ಬೊಂಬಾಯಿಯ ಹೋಟೆಲಿನಲ್ಲಿ ಅಡುಗೆಗಿದ್ದ ಅಪ್ಪಯ್ಯ ಹಾಸಿಗೆ ಹಿಡಿದರೆಂದು ಸುದ್ದಿ ಬಂದು, ಅಬ್ಬಿ ಮೊಲೆಹಾಲು ಕುಡಿಯುವ ತಮ್ಮನನ್ನು ಎತ್ತಿಕೊಂಡು ಹೊರಟಳು. ತಾಯಿಗೆ ನಮ್ಮಲ್ಲಿ ಅಬ್ಬಿ ಅನ್ನುವುದು. ನಾನು ಸೆರಗು ಬಿಡಲಿಲ್ಲ.

"ಬಚ್ಚಂಗಾಯಿ ಹಣ್ಣಾಪ್ ಹೊತ್ತಿಗೆ ಬತ್ತೆ ಮಗಾ. ನೀನೇ ಒಂದ್ ಬಳ್ಳಿ ಬೆಳ್ಸ್, ನಾನ್ ಬಂದ್ ತಿಂತೆ," ಅಂದಳು.

ಸೆರಗು ಬಿಟ್ಟು ಆ ಮಾತನ್ನು ಹಿಡಿದುಕೊಂಡೆ.

ಮನೆಯಲ್ಲಿ ಉಳಿದವರು ಅಜ್ಜಿ, ನಾನು, ಒಂದು ದನ. ಅಜ್ಜಿ ಮಾತು ಕಡಿಮೆಯ ಹೆಂಗಸು. ಶಾಲೆಯಿಂದ ಬಂದು ಗಂಜಿ ಮತ್ತು ಉಪ್ಪಿನಕಾಯಿ ಉಂಡು ಜಗಲಿಯಲ್ಲಿ ಚೆನ್ನೆಮಣೆ ಬಿಡಿಸಿದರೆ ಎರಡೂ ಕಡೆಯ ಆಟ ನನ್ನದೇ. ಈಚೆ ಕಡೆ ಗೆಲ್ಲುವಂತೆ ಕಳ್ಳಾಟ ಆಡುತ್ತಿದ್ದೆ, ಬೈಯುವವರೂ ಇರಲಿಲ್ಲ.

ಅಜ್ಜಿ ಗದ್ದೆಯ ಬದಿಯಲ್ಲಿ ನನಗೆಂದೇ ಒಂದು ಗುಳಿ ತೋಡಿಕೊಟ್ಟಳು. ಮಣ್ಣು ನಾಲಗೆಗಿಟ್ಟು, "ಮಳೆಗಾಲ ಪೂರಾ ನೀರ್ ನಿಂತ್ ಹುಳಿ ಆಯ್ತ್ ಕಾಣ್," ಅಂದಳು. ನಾನೂ ಇಟ್ಟುಕೊಂಡೆ. ಹುಣಸೆಯ ಹುಳಿಯಲ್ಲ ಅದು, ತುಕ್ಕು ಹಿಡಿದ ಕತ್ತಿ ನೆಕ್ಕಿದ ಹಾಗೆ ಒಗರೊಗರು. ಅದಕ್ಕೆ ಮದ್ದು ಸುಡುಮಣ್ಣು. ತರಗೆಲೆ, ಕಸಕಡ್ಡಿ ರಾಶಿ ಹಾಕಿ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಎರಡು ದಿನ ಒಳಗೊಳಗೇ ಬೇಯುತ್ತಿತ್ತು. ಆ ಹೊಗೆಯ ವಾಸನೆ ನನ್ನ ಲಂಗಕ್ಕೆ, ಜಡೆಗೆ, ಉಣ್ಣುವ ಗಂಜಿಗೂ ಹತ್ತಿತ್ತು. ಸುಡುಮಣ್ಣು, ಒಲೆಯ ಬೂದಿ, ಹಳೆಯ ಗೊಬ್ಬರ ಬೆರೆಸಿ ಗುಳಿ ತುಂಬಿ ಬೀಜ ಊರಿದೆವು.

"ಸುಣ್ಣ ಹಾಕೂದಿಲ್ಯಾ ಅಜ್ಜಿ?" ಎಂದೆ. ತೆಂಗಿನ ಬುಡಕ್ಕೆ ಅವಳು ಚಿಪ್ಪಿಸುಣ್ಣ ಹಾಕುವುದನ್ನು ಕಂಡಿದ್ದೆ.

"ಹಾಕೂದಾರೆ ಬೀಜಕ್ಕಿಂತ ತಿಂಗ್ಳ್ ಮುಂಚೆ. ಈಗ ಬೇಡ."

ಯಾಕೆ ಬೇಡ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅಜ್ಜಿಯ ಬಳ್ಳಿಗಳು ಗದ್ದೆ ತುಂಬ ಹರಿದು ಹೂ ಬಿಟ್ಟರೂ ನನ್ನದು ಗೇಣುದ್ದಕ್ಕೇ ನಿಂತಿತ್ತು. ದಿನಕ್ಕೆ ಎರಡು ಸಲ ನೀರು ಹೊಯ್ದೆ. ಅದರ ಎದುರು ಕುಕ್ಕರಗಾಲಲ್ಲಿ ಕೂತು ಶಾಲೆಯ ಸುದ್ದಿಯೆಲ್ಲ ಹೇಳಿದೆ. ನನಗೆ ಹೆದರಿಕೆ ಹುಟ್ಟಿತ್ತು. ಕಾಯಿ ಬಿಡದಿದ್ದರೆ ಅಬ್ಬಿ ಯಾವ ಹಣ್ಣು ತಿನ್ನಲು ಬಂದಾಳು?

ಒಂದು ಮಧ್ಯಾಹ್ನ ಅಜ್ಜಿ ಪೇಟೆಗೆ ಹೋಗಿದ್ದಳು. ಗೋಡೆಗೆ ಬಳಿಯಲು ಇಟ್ಟಿದ್ದ ಮಡಕೆಯಿಂದ ಎರಡು ಬೊಗಸೆ ಸುಣ್ಣ ತಂದೆ. ದನದ ಹಟ್ಟಿಯಿಂದ ಬಿಸಿಬಿಸಿ ಸಗಣಿ ತಂದೆ. ಎರಡನ್ನೂ ಒಟ್ಟಿಗೆ ಬುಡಕ್ಕೆ ಸುರಿದು ನೀರು ಹೊಯ್ದದ್ದೇ, ಮೂಗಿಗೆ ಘಾಟು ಹೊಡೆದು ಕಣ್ಣಲ್ಲಿ ನೀರು ಬಂತು. ಇಷ್ಟು ಜೋರಿನ ಮದ್ದು ಕೆಲಸ ಮಾಡದೆ ಇರುತ್ತದೆಯೇ ಎಂದು ಹಿಗ್ಗಿದೆ.

ಮೂರನೆಯ ದಿನ ಎಲೆಯ ಅಂಚು ಕರಟಿತು. ವಾರದಲ್ಲಿ ಬಳ್ಳಿ ಒಣ ದಾರವಾಯಿತು. ಅಜ್ಜಿ ಬಂದು ಬುಡದ ಮಣ್ಣು ನಾಲಗೆಗಿಟ್ಟವಳು ತಕ್ಷಣ ಉಗಿದಳು.

"ಸುಣ್ಣ ಹಾಕಿದ್ಯಾ ಹೆಣೆ?"

"ಹೂಂ."

"ಹಸಿ ಸಗಣಿ ಒಟ್ಟಿಗೆ?"

"ಹೂಂ."

"ಎಂತಕ್ಕೆ?"

"ಬೇಗ ಹಣ್ಣಾಯ್ಲಿ ಅಂತ. ಇನ್ ಅಬ್ಬಿ ಬಪ್ಪುದಿಲ್ಯಾ?"

ಒಂದು ಕೊಡ ಒಡೆದರೆ ಬೆನ್ನಿಗೆ ಬಾರಿಸುತ್ತಿದ್ದ ಅಜ್ಜಿ ಅಂದು ಕೈ ಎತ್ತಲಿಲ್ಲ. ಕೈಕಾಲು ತೊಳೆದು ಜಗಲಿಗೆ ಬಂದು ಎಲೆಪೆಟ್ಟಿಗೆ ತೆರೆದು, ವೀಳ್ಯದೆಲೆಯ ಅಡಿಯಿಂದ ಒಂದು ಅಂಚೆ ಕಾರ್ಡು ತೆಗೆದಳು. ಬೀಜ ಊರಿದ ವಾರವೇ ಬಂದದ್ದು. ಮಾಷ್ಟ್ರ ಹತ್ತಿರ ಓದಿಸಿಕೊಂಡು ಬಚ್ಚಿಟ್ಟಿದ್ದಳು.

"ಅಪ್ಪಯ್ಯಂಗೆ ಹುಷಾರಾಯ್ಲಿಲ್ಲ. ಅಬ್ಬಿ ಈ ವರ್ಷ ಬಪ್ಪುದಿಲ್ಲ. ನಿನ್ನ ಸುಣ್ಣದಿಂದ ಅಲ್ಲ ಮಗಾ."

"ನಂಗೆ ಎಂತಕ್ಕೆ ಹೇಳ್ಲಿಲ್ಲ?"

"ದಿನಾ ಬೆಳಿಗ್ಗೆ ಎದ್ದ್ ಬಳ್ಳಿ ಕಾಂಬುಕೆ ಓಡ್ತಿದ್ದೆ ನೀನ್. ಹೆಂಗೆ ಹೇಳೂದ್?"

ನನಗೆ ಅಜ್ಜಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಮಾತಾಡಲು ಬೇರೆ ಯಾರೂ ಇಲ್ಲವಲ್ಲ, ನಾನೇ ಹೋಗಿ ಕೇಳಿದೆ, ಆ ಗುಳಿಗೆ ಇನ್ನೇನು ಹಾಕುವುದು ಎಂದು.

"ಎಂತದೂ ಬೇಡ. ಸೊಪ್ಪ್ ಮುಚ್ಚಿ ಬಿಡ್. ಒಂದ್ ಮಳೆಗಾಲ ಹೋದ್ರೆ ಸಮ ಆತ್ತ್."

ಮುಂದಿನ ವರ್ಷ ಅದೇ ಗುಳಿಯಲ್ಲಿ ಎರಡು ಕಾಯಿ ಬಿಟ್ಟಿತು. ತಿಂದವರು ಅಜ್ಜಿ, ನಾನು, ಸಿಪ್ಪೆಗೆ ದನ. ಅಬ್ಬಿ ಬಂದದ್ದು ಮೂರನೆಯ ವರ್ಷ, ಸೊರಗಿದ ಅಪ್ಪಯ್ಯನನ್ನೂ ಹಿಂದಿಯಲ್ಲಿ ಹಟ ಮಾಡುವ ತಮ್ಮನನ್ನೂ ಕರೆದುಕೊಂಡು. ನಾನು ಹಣ್ಣು ಹೆಚ್ಚಿ ತಟ್ಟೆಯಲ್ಲಿಟ್ಟೆ. "ನೀನೇ ಬೆಳ್ಸಿದ್ದಾ ಮಗಾ?" ಎಂದು ಕೇಳಿದಳು. ಹೌದು ಅಂದೆ, ಅಜ್ಜಿಯ ಮುಖ ನೋಡಿಕೊಂಡು. ಅಬ್ಬಿ ಎಂದು ಕರೆದು, ಇನ್ನೊಂದು ಹೋಳು ಬೇಕೇ ಎಂದು ಕೇಳಬೇಕಿತ್ತು. ಬಾಯಿಗೆ ಬಂದದ್ದು "ಹ್ವಾಯ್", ದಾರಿಯಲ್ಲಿ ಹೋಗುವವರನ್ನು ಕರೆಯುವ ಹಾಗೆ. ಅಬ್ಬಿಯ ಕೈ ತಟ್ಟೆಯ ಮೇಲೆ ನಿಂತಿತು.

ಮೊನ್ನೆ ತಮ್ಮನ ಮಗ ಅದೇ ಗದ್ದೆಯ ಮಣ್ಣು ಪರೀಕ್ಷೆ ಮಾಡಿಸಿ ಕಾಗದ ತಂದು ತೋರಿಸಿದ. ಹುಳಿ ಇದೆಯಂತೆ, ಅಂಕಿಯಲ್ಲಿ ಬರೆದಿದ್ದಾರೆ. ನಾನು ಚಿಟಿಕೆ ಮಣ್ಣು ತರಿಸಿ ಬಾಯಿಗಿಟ್ಟೆ. ಏನೂ ತಿಳಿಯಲಿಲ್ಲ. ಮುದಿ ನಾಲಗೆ, ರುಚಿ ಸತ್ತಿದೆ. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ಅಬ್ಬಿಯೂ ಹೋದಳು. ಬೊಂಬಾಯಿಯಿಂದ ಬಂದ ಮೇಲೆ ಅವಳು ನಲವತ್ತು ವರ್ಷ ನನ್ನ ಕಣ್ಣೆದುರೇ ಇದ್ದಳು. ಅಷ್ಟೂ ವರ್ಷ ನಾನು ಅವಳನ್ನು ಹ್ವಾಯ್ ಎಂದೇ ಕರೆದೆ, ಯಾಕೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ.

ಒಂದು ಮಳೆಗಾಲ ಹೋದರೆ ಸಮವಾಗುತ್ತದೆ ಅಂದಿದ್ದಳು ಅಜ್ಜಿ. ಮಣ್ಣಿನ ವಿಷಯದಲ್ಲಿ ಅವಳ ಮಾತು ತಪ್ಪಲಿಲ್ಲ.