ಅವ್ವನ ಕುಬಸದ ಫೋಟೋ

ಮನೆಗೆ ಸುಣ್ಣ ಬಳಿಯುವವರು ಬರುತ್ತಾರೆಂದು ಮೊನ್ನೆ ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಇಳಿಸಿ ಮಂಚದ ಮೇಲೆ ಸಾಲಾಗಿ ಇಟ್ಟಿದ್ದೆ. ಅತ್ತೆ, ಮಾವ, ಮಾವನ ಅಣ್ಣ, ಆ ಅಣ್ಣನ ಇಬ್ಬರು ಹೆಂಡಿರು. ಮುಧೋಳದ ಈ ನಮ್ಮ ಮನೆಯಲ್ಲಿ ಗೋಡೆಯ ಮೇಲಿರುವವರ ಸಂಖ್ಯೆ ಕೆಳಗಿರುವವರಿಗಿಂತ ಹೆಚ್ಚು. ನಮ್ಮ ಯಜಮಾನರು ಬಂದು ನೋಡಿ, "ಪಾಪ, ನಿಂತ ನಿಂತ ದಣದಿದ್ರು. ಮಲಗಿಸಿದ್ದು ಛಲೋ ಆತು" ಎಂದರು. ನಗಬೇಕೆನ್ನುವಷ್ಟರಲ್ಲಿ ಒಂದು ಕಟ್ಟಿನ ಹಿಂದಿನ ರಟ್ಟು ಸಡಿಲಾಗಿ ಒಳಗಿಂದ ಹಳೆಯ ಅಂಟು, ಧೂಳು, ಊದಿನಕಡ್ಡಿಯ ಹೊಗೆ ಎಲ್ಲ ಕೂಡಿದ ವಾಸನೆ ಬಂತು. ಹಳೇ ಫೋಟೋ ಇರುವ ಮನೆಯವರಾದರೆ ಆ ವಾಸನೆ ನಿಮಗೂ ಗೊತ್ತಿರುತ್ತದೆ. ನನಗೆ ಅದು ರಬಕವಿಯ ನನ್ನ ತವರುಮನೆಯ ವಾಸನೆ. ಕೆಲಸ ಬಿಟ್ಟು ಮಂಚದ ಅಂಚಿಗೆ ಕುಳಿತುಬಿಟ್ಟೆ.

ನಮ್ಮದು ನೇಕಾರರ ಮನೆ. ಅಪ್ಪನ ಕಾಲದಲ್ಲಿ ಕೈಮಗ್ಗ ಇತ್ತು, ಈಗ ತಮ್ಮ ಈರಣ್ಣ ಪಾವರ್‌ಲೂಮ್ ನಡೆಸುತ್ತಾನೆ. ಹಳೆಯ ಮನೆಯಲ್ಲಿ ಮಗ್ಗ ಇದ್ದ ಕೋಣೆಗೆ ಬೆಳಕೇ ಇರಲಿಲ್ಲ, ಮೇಲೆ ಒಂದು ಗವಾಕ್ಷಿ ಅಷ್ಟೆ. ಆ ಕತ್ತಲೆಯಲ್ಲಿ, ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತರೆ ಎದುರಿಗೆ ಕಾಣುವಂತೆ, ಅವ್ವನ ಫೋಟೋ ತೂಗುಹಾಕಿದ್ದರು. ಕಪ್ಪು ಬಿಳುಪಿನದು. ಕುಬಸದ ದಿನ ತೆಗೆಸಿದ್ದು. ನಮ್ಮ ಕಡೆ ಬಸುರಿಗೆ, ನಮ್ಮ ಮನೆಯಲ್ಲಿ ಎರಡನೆಯ ಸಲವೂ, ಸೀರೆ ಕುಬಸ ಉಡಿಸಿ, ಹಸಿರು ಬಳೆ ಇಡಿಸಿ, ಆರತಿ ಮಾಡುತ್ತಾರೆ. ಅಂದು ಅಪ್ಪನಿಗೆ ಏನು ಹುರುಪು ಬಂದಿತ್ತೋ, ಅವ್ವನನ್ನು ಅದೇ ಅಲಂಕಾರದಲ್ಲಿ ಜಮಖಂಡಿಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂಡಿಸಿ ಫೋಟೋ ಹೊಡೆಸಿಬಿಟ್ಟಿದ್ದ. ಅವ್ವ ಅದಕ್ಕೆ ಮೊದಲು ಫೋಟೋ ತೆಗೆಸಿಕೊಂಡವಳಲ್ಲ. ಆಮೇಲೆ ತೆಗೆಸಿಕೊಳ್ಳಲು ಉಳಿಯಲಿಲ್ಲ. ಈರಣ್ಣನನ್ನು ಹೆತ್ತು ಮೂರನೆಯ ದಿನಕ್ಕೆ ಹೋದಳು.

ಆಗ ನಾನು ಇನ್ನೂ ಸಾಲೆಗೆ ಹೆಸರು ಹಚ್ಚದ ಹುಡುಗಿ. ಈರಣ್ಣನಂತೂ ಅವ್ವನನ್ನು ನೋಡಿಯೇ ಇಲ್ಲ. ನಮ್ಮಿಬ್ಬರನ್ನೂ ಸಾಕಿದವಳು ಕಾಕಿ, ಅಪ್ಪನ ತಮ್ಮನ ಹೆಂಡತಿ. ಆದರೆ ಅವನಿಗೆ ಆ ಫೋಟೋದ ಮೇಲೆ ಒಂದು ಹಕ್ಕು ಇತ್ತು. ಚಿಕ್ಕವನಿದ್ದಾಗ ಮನೆಗೆ ಯಾರು ಬಂದರೂ ಕೈಹಿಡಿದು ಮಗ್ಗದ ಕೋಣೆಗೆ ಒಯ್ದು, "ನೋಡ್ರಿ, ಇದು ನಮ್ಮವ್ವ. ಇದರಾಗ ನಾನೂ ಅದೀನಿ" ಎನ್ನುತ್ತಿದ್ದ. ಬಂದವರು ಸೀರೆಯ ಸೆರಗಿನ ಉಬ್ಬು ನೋಡಿ ನಕ್ಕು ಅವನ ತಲೆ ಸವರುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವ್ವನ ಜೊತೆ ಅಷ್ಟು ದಿನ ಇದ್ದವಳು ನಾನು, ಜಂಬ ಕೊಚ್ಚುವವನು ಇವನು. ಆದರೂ ಅವನು "ಅವ್ವ ಹೆಂಗಿದ್ಳ ಅಕ್ಕಾ?" ಎಂದು ಕೇಳಿದಾಗ ದೊಡ್ಡವಳ ಠೀವಿಯಲ್ಲಿ, "ಫೋಟೋದಾಗ ಇದ್ದಂಗ ಇದ್ಳು, ಮತ್ತ ಹೆಂಗಿರ್ತಾಳ" ಎನ್ನುತ್ತಿದ್ದೆ.

ಆ ಫೋಟೋದ ಗಟ್ಟಿತನ ನೋಡಬೇಕಿತ್ತು ನೀವು. ಮಗ್ಗದ ಧೂಳು, ನೂಲಿಗೆ ಹಾಕುವ ಗಂಜಿಯ ಹಬೆ, ಒಲೆಯ ಹೊಗೆ, ಎಲ್ಲವನ್ನೂ ತಿಂದುಕೊಂಡು ಹಾಗೇ ಇತ್ತು. ಕೃಷ್ಣೆಯ ನೀರು ಓಣಿಗೆ ಏರಿ ಬಂದ ವರ್ಷ ಅಪ್ಪ ಬೇರೇನನ್ನೂ ಎತ್ತಲಿಲ್ಲ. ಮಗ್ಗದ ಮೇಲಿನ ಹಾಸುನೂಲು ನೀರುಪಾಲಾಗಲಿ ಎಂದು ಬಿಟ್ಟು ಅದನ್ನು ತಲೆಯ ಮೇಲಿಟ್ಟುಕೊಂಡು ಗುಡಿಯ ಕಟ್ಟೆ ಹತ್ತಿದ್ದ. ಬಿಳಿ ಹೋಗಿ ಕೆನೆಬಣ್ಣವಾಗಿತ್ತು, ಕೆಳಗಿನ ಒಂದು ಮೂಲೆಯನ್ನು ಹುಳ ತಿಂದಿತ್ತು, ಗಾಜು ಸೀಳಿತ್ತು. ಅವ್ವ ಮಾತ್ರ ಬೈಯುವುದಕ್ಕೋ ನಗುವುದಕ್ಕೋ ಈಗಷ್ಟೇ ಬಾಯಿ ತೆರೆಯುವವಳ ಹಾಗೆ ಕುಳಿತಿದ್ದಳು.

ಅಪ್ಪ ಹೋದ ಮೇಲೆ ಈರಣ್ಣ ಹಳೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದ. ಎಲ್ಲ ಹೊಸದು, ಫೋಟೋ ಮಾತ್ರ ಸೀಳುಗಾಜಿನದೇ ಎಂದು ಅವನಿಗೆ ಸಂಕಟ. ಊರಲ್ಲೇ ಒಂದು ಡಿಜಿಟಲ್ ಸ್ಟುಡಿಯೋ ಆಗಿತ್ತು. ಅಲ್ಲಿ ಅವ್ವನನ್ನು ಸ್ಕ್ಯಾನ್ ಮಾಡಿಸಿ, ಹುಳ ತಿಂದ ಮೂಲೆಯನ್ನು ಕಂಪ್ಯೂಟರಿನಲ್ಲಿ ತುಂಬಿಸಿ, ಆಳುದ್ದದ ಪ್ರಿಂಟ್ ತೆಗೆಸಿದ. ಹೊಳೆಯುವ ಕಾಗದ, ಬಂಗಾರದ ಬಣ್ಣದ ಕಟ್ಟು. ಅವ್ವನ ಬಳೆಗಳನ್ನು ಎಣಿಸಬಹುದಿತ್ತು. ನಾವೆಲ್ಲ ಬಾಯಿ ತೆರೆದು ನೋಡಿದೆವು. ಹಾಲಿನಲ್ಲಿ, ದೊಡ್ಡ ಕಿಟಕಿಯ ಎದುರು, ಬೆಳಕು ಧಾರಾಳವಾಗಿ ಬೀಳುವ ಗೋಡೆಗೆ ಅವಳನ್ನು ಏರಿಸಿದೆವು. ಜೀವಮಾನವೆಲ್ಲ ಕತ್ತಲಕೋಣೆಯಲ್ಲಿದ್ದವಳಿಗೆ ಈಗಲಾದರೂ ಬೆಳಕು ಸಿಕ್ಕಿತು ಎಂದು ನಾನೇ ಹೇಳಿದ ನೆನಪು.

ಹಳೆಯದನ್ನು ಏನು ಮಾಡುವುದು? ಕಾಕಿ ಆಗ ಇನ್ನೂ ಇದ್ದಳು. "ಮುಕ್ಕಾದ ಪಟ ಮನ್ಯಾಗ ಇಡಬಾರದವ್ವಾ. ಹೊಳಿಗೆ ಬಿಡ್ರಿ" ಎಂದಳು. ದೇವರ ಪಟ ಹರಿದರೂ ನಾವು ಹಾಗೇ ಮಾಡುವುದು, ಕಸಕ್ಕೆ ಹಾಕುವುದಿಲ್ಲ. ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಅರಿಷಿಣ ಕುಂಕುಮ ಏರಿಸಿ, ಹೂವು ಹಾಕಿ, ಮನೆಮಂದಿಯೆಲ್ಲ ಹೊಳೆಗೆ ಹೋದೆವು. ಈರಣ್ಣ ಮೊಣಕಾಲ ನೀರಿಗಿಳಿದು ಅವ್ವನನ್ನು ಮೆಲ್ಲಗೆ ತೇಲಿಬಿಟ್ಟ. ಹಿಂದೆ ಯಾವ ನೀರಿನಿಂದ ಅಪ್ಪ ಅವಳನ್ನು ಉಳಿಸಿ ತಂದಿದ್ದನೋ ಅದೇ ನೀರು. ನಾವು ಕೈಮುಗಿದು ನಿಂತಿದ್ದೆವು. ಮನೆಗೆ ಬಂದು ಹೋಳಿಗೆ ಊಟ ಮಾಡಿದೆವು.

ಹೊಸ ಗೋಡೆಯ ಮೇಲಿನ ಅವ್ವ ಮೊದಲು ಹಸಿರಾದಳು. ನಾವು ಗಾಜಿನ ದೋಷವೆಂದುಕೊಂಡೆವು. ಆಮೇಲೆ ಬದನೆಕಾಯಿಯ ಬಣ್ಣಕ್ಕೆ ತಿರುಗಿದಳು. ನಾನು ಹಬ್ಬಕ್ಕೆ ಹೋದಾಗಲೆಲ್ಲ ಒಂದು ಸುತ್ತು ತೆಳ್ಳಗಾಗಿರುತ್ತಿದ್ದಳು. ಕೂದಲು, ಸೆರಗಿನ ಅಂಚು, ಕುರ್ಚಿಯ ಕಾಲು ನಿಂತವು. ಮುಖ ಬೆಳ್ಳಗಿತ್ತಲ್ಲ, ಅದೇ ಎಲ್ಲಕ್ಕಿಂತ ಮೊದಲು ಹೋಯಿತು. ಹುಬ್ಬು ಹೋಯಿತು, ಮೂಗು ಹೋಯಿತು, ಕೊನೆಗೆ ಕಣ್ಣಿನ ಜಾಗದಲ್ಲಿ ಎರಡು ಕಂದು ಕಲೆ ಉಳಿದವು. ಈರಣ್ಣನ ಹೆಂಡತಿ ದಿನವೂ ಆ ಕಲೆಗಳ ನಡುವೆ ಅಂದಾಜಿನಿಂದ ಗಾಜಿಗೆ ಕುಂಕುಮ ಇಡುತ್ತಿದ್ದಳು.

ನಾನೂ ಈರಣ್ಣನೂ ಆ ಡಿಜಿಟಲ್ ಸ್ಟುಡಿಯೋಕ್ಕೆ ಹೋದರೆ ಅಲ್ಲಿ ಮೊಬೈಲ್ ಅಂಗಡಿ ಇತ್ತು. ಮಾಲೀಕ ಅವನೇ. "ಆ ಕಂಪ್ಯೂಟರ್ ಕೆಟ್ಟು ಎಷ್ಟೋ ದಿನಾ ಆತ್ರಿ, ಅದರಾಗಿಂದು ಎಲ್ಲಾ ಹೋತು" ಎಂದ. ಕಪ್ಪು ಬಿಳುಪು ಹೇಗೆ ಬದನೆಕಾಯಿಯಾಯಿತೆಂದು ಕೇಳಿದ್ದಕ್ಕೆ, "ಅದು ಖರೇ ಕರಿ ಅಲ್ರಿ. ಕೆಂಪು, ನೀಲಿ, ಹಳದಿ ಶಾಯಿ ಕೂಡಿ ಕರಿ ಕಂಡಂಗ ಕಾಣತೈತಿ. ಬಿಸಲಿಗೆ ಒಂದೊಂದ ಹಾರಿ ಹೋಗತಾವ. ಹಳೇ ಫೋಟೋದಾಗ ಬೆಳ್ಳಿ ಇರತಿತ್ತು, ಅದಕ್ಕ ಅವು ನಿಂತವು. ಹಳೇದು ತರ್ರಿ, ಮತ್ತ ಮಾಡಿಸೋಣು" ಎಂದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಈರಣ್ಣ ಸೀರೆಯ ವ್ಯಾಪಾರದಲ್ಲಿ ಮುಳುಗಿದವನು. ನೂಲು ಬಂದ ಕೂಡಲೇ ಎಳೆಯೊಂದನ್ನು ನೀರಲ್ಲಿ ನೆನೆಸಿ ಬಿಳಿ ಬಟ್ಟೆಗೆ ತಿಕ್ಕಿ, ಬಣ್ಣ ಪಕ್ಕಾ ಇದೆಯೋ ಕಚ್ಚಾ ಇದೆಯೋ ನೋಡದೆ ಮಗ್ಗಕ್ಕೆ ಏರಿಸುವುದಿಲ್ಲ. ಅಪ್ಪನೂ ಹಾಗೇ ಇದ್ದ, ಮುತ್ತ್ಯಾನೂ ಹಾಗೇ. ತಲೆತಲಾಂತರದಿಂದ ಬಣ್ಣದ ಮೇಲೆ ಸಂಶಯ ಪಟ್ಟುಕೊಂಡೇ ಉಂಡ ಮನೆ ನಮ್ಮದು. ಅವ್ವನ ವಿಷಯದಲ್ಲಿ ಒಬ್ಬರಿಗೂ ಆ ಒಂದು ಮಾತು ಕೇಳಬೇಕೆನ್ನಿಸಲಿಲ್ಲ. ಫೋಟೋದ ಬಣ್ಣವೂ ಹೋಗುತ್ತದೆಂದು ಯಾರಿಗೆ ಗೊತ್ತಿತ್ತು ಎಂದು ನಾನು ಸಮಾಧಾನ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ.

ಎಲ್ಲರ ಮೊಬೈಲುಗಳನ್ನು ಹುಡುಕಿದೆವು. ಮನೆ ಪ್ರವೇಶದ ಚಿತ್ರಗಳು ರಾಶಿ ಬಿದ್ದಿದ್ದವು. ಮಂದಿ ಅವ್ವನ ಮುಂದೆ ನಿಂತು ತೆಗೆಸಿಕೊಂಡದ್ದೇ ಹೆಚ್ಚು. ಆದರೆ ಪ್ರತಿಯೊಂದರಲ್ಲೂ ಗಾಜಿನ ಮೇಲೆ ಬೆಳಕು ಹೊಡೆದು ಅವ್ವನ ಮುಖದ ಜಾಗದಲ್ಲಿ ಬಿಳಿಯ ಉಂಡೆ. ನಮ್ಮ ಮುಖಗಳು ಮಾತ್ರ ಚೆನ್ನಾಗಿ ಬಂದಿದ್ದವು.

ಕೊನೆಗೆ ಜಮಖಂಡಿಯಲ್ಲಿ ಒಬ್ಬರು ಅಳಿಸಿಹೋದದ್ದನ್ನು ಮತ್ತೆ ತರುತ್ತಾರೆಂದು ಯಾರೋ ಹೇಳಿದರು. ಹೋದೆವು. ಉತ್ಸಾಹದ ಮನುಷ್ಯ, ಚಹಾ ತರಿಸಿದ. ಪ್ರಿಂಟನ್ನು ಕಂಪ್ಯೂಟರಿಗೆ ಏರಿಸಿ ನನ್ನ ಕಡೆ ತಿರುಗಿದ.

"ಅಕ್ಕಾರ, ಹುಬ್ಬು ಕೂಡಿದ್ದೂವೇನ್ರಿ, ಬ್ಯಾರೆ ಬ್ಯಾರೆ ಇದ್ದೂವ?"

ನಾನು ನೆನಪಿಸಿಕೊಳ್ಳತೊಡಗಿದೆ. ಅವ್ವ ನನ್ನ ಜಡೆ ಎಳೆದು ಬಿಗಿಯುತ್ತಿದ್ದುದು ನೆನಪಿದೆ, ಗಂಜಿ ಮೆತ್ತಿದ ಅವಳ ಬೆರಳು ನೆನಪಿದೆ. ಬೆರಳಿನಿಂದ ಮೇಲೆ ಕಣ್ಣೆತ್ತಿ ನೋಡಿದರೆ ಅಲ್ಲಿ ಫೋಟೋದ ಮುಖ ಇರುತ್ತಿತ್ತು. ಈಗ ಅದೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ಬರೀ ಫೋಟೋ ಎಂಬುದು ಆ ಕುರ್ಚಿಯಲ್ಲಿ ಕುಳಿತು ತಿಳಿಯಿತು. ಇಷ್ಟು ವರ್ಷ ಅವ್ವನನ್ನು ಕಂಡವಳು ನಾನು ಎಂದು ಮೆರೆದು ಏನು ಬಂತು?

"ಗದ್ದ ದುಂಡಗಿತ್ತೋ, ಚೂಪಿತ್ತೋ?"

"ಹೇಳ ಅಕ್ಕಾ. ನೀ ನೋಡೀಯಲ್ಲ?" ಎಂದ ಈರಣ್ಣ. ಅವನ ದನಿಯಲ್ಲಿ ಆಗ್ರಹವಿರಲಿಲ್ಲ, ನನ್ನ ಮೇಲಿನ ಭರವಸೆ ಇತ್ತು.

"ನೆಪ್ಪಾಗವಲ್ದು ತಮ್ಮಾ" ಎಂದೆ. ಅವನು ನನ್ನನ್ನು ನೋಡಿದ ರೀತಿ ಬರೆಯಲಾರೆ.

ಅಂಗಡಿಯವನು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡ. "ಇರಲ್ರಿ. ಮಗಳ ಮಾರಿ ಅವ್ವನ್ನ ಹೋಲತೈತಿ. ಅಕ್ಕಾರ ಫೋಟೋ ತಗೊಂಡು ಅದರ ಮ್ಯಾಲೆ ಕಟ್ಟೋಣು" ಎಂದ. ಕನ್ನಡಕ ತೆಗೆಸಿ ನನ್ನ ಚಿತ್ರ ಹಿಡಿದ. ಕಂಪ್ಯೂಟರಿನಲ್ಲಿ ನನ್ನ ಸುಕ್ಕುಗಳು ಹೋದವು, ಜೋಲುಗೆನ್ನೆ ಏರಿತು. ಆ ಮುಖವನ್ನು ಒಯ್ದು ಅವ್ವನ ಕೂದಲು ಮತ್ತು ಸೆರಗಿನ ನಡುವೆ ಕೂಡಿಸಿದ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದ. ತೆರೆಯ ಮೇಲೆ ನಾನು, ಮದುವೆಯಾದ ಹೊಸತಿನಲ್ಲಿದ್ದ ನಾನು, ತುಂಬಿದ ಬಸುರಿಯಾಗಿ ಕುಬಸದ ಸೀರೆ ಉಟ್ಟು ಕುಳಿತಿದ್ದೆ.

ಈರಣ್ಣ ಎದ್ದು ನಿಂತ. ಬಹಳ ಹೊತ್ತು ನೋಡಿದ. "ಇಕೀನ" ಎಂದ, "ಇಕೀನ ನಮ್ಮವ್ವ. ಹೌದಲ್ಲ ಅಕ್ಕಾ?" ಕಣ್ಣಿಂದ ನೀರು ಸುರಿಯುತ್ತಿತ್ತು. ಅಲ್ಲ ಎಂದರೆ, ಮತ್ತೆ ಹೇಗಿದ್ದಳು ಎಂದು ಕೇಳುತ್ತಿದ್ದ. ಕೊಡಲು ನನ್ನ ಹತ್ತಿರ ಏನಿತ್ತು ಹೇಳಿ? ಹೌದು ಎಂದೆ.

ಈ ಸಲ ಈರಣ್ಣ ಮೋಸಹೋಗಲಿಲ್ಲ. ಪ್ರಿಂಟ್ ಹೊರಬಂದು ಆರಿದ ಮೇಲೆ ಬೆರಳು ಒದ್ದೆ ಮಾಡಿ ಅದರ ಅಂಚಿಗೆ ತಿಕ್ಕಿದ, ತಿಕ್ಕಿದ ಬೆರಳನ್ನು ತನ್ನ ಬಿಳಿ ಧೋತರಕ್ಕೆ ಒರೆಸಿ ಬೆಳಕಿಗೆ ಹಿಡಿದ. ಕಲೆ ಇರಲಿಲ್ಲ. ಅಂಗಡಿಯವನು, "ಇದು ಬ್ಯಾರೆ ಶಾಯಿರಿ, ಕಾಗದಾನೂ ಬ್ಯಾರೆ. ನೂರ ವರ್ಷ ಏನೂ ಆಗೂದಿಲ್ಲ" ಎಂದ. ಅವ್ವನಿಗೆ ಸಿಗದ ಆಯುಷ್ಯ, ಅವಳ ನಿಜವಾದ ಮುಖಕ್ಕೂ ಸಿಗದ ಆಯುಷ್ಯ, ಈ ಸುಳ್ಳಿಗೆ ಸಿಕ್ಕಿತ್ತು. ಈರಣ್ಣನ ಮಕ್ಕಳು, ಮೊಮ್ಮಕ್ಕಳು ಇದನ್ನೇ ನೋಡುತ್ತಾರೆ. ಅವ್ವ ಎಂಬವಳು ಎಲ್ಲಿಯೂ ಇಲ್ಲ, ನನ್ನೊಳಗೂ ಇಲ್ಲ. ಮುಂದೆ ಎಂದೂ ಇರುವುದಿಲ್ಲ.

ನಿನ್ನೆ ಅಮಾವಾಸ್ಯೆಗೆ ರಬಕವಿಗೆ ಹೋಗಿದ್ದೆ. ಈ ಸಲ ಫೋಟೋವನ್ನು ಬಿಸಿಲು ತಾಗದ ಒಳಗೋಡೆಗೆ ಹಾಕಿದ್ದಾರೆ. ಮಲ್ಲಿಗೆಯ ಹಾರ, ಮುಂದೆ ಎಣ್ಣೆಯ ದೀಪ, ಎಡೆ. ಒಬ್ಬೊಬ್ಬರೇ ಬಂದು ನೆಲಕ್ಕೆ ಹಣೆ ಹಚ್ಚಿ ಹೋದರು. ನಾನು ಬಾಗಿಲ ಬಳಿಯೇ ನಿಂತಿದ್ದೆ. ಈರಣ್ಣ ತಿರುಗಿ ನೋಡಿ, "ಬಾ ಅಕ್ಕಾ, ಅವ್ವಗ ಹೂವು ಏರಿಸು. ದೊಡ್ಡಾಕಿ ನೀ" ಎಂದು ಜಾಗ ಬಿಟ್ಟ. ನಮ್ಮಲ್ಲಿ ಬದುಕಿರುವವರ ಫೋಟೋಕ್ಕೆ ಯಾರೂ ಹೂವು ಏರಿಸುವುದಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೂವು ತೆಗೆದುಕೊಂಡು ಹೋಗಿ, ಕಟ್ಟಿನೊಳಗಿನ ನನ್ನ ತಲೆಯ ಮೇಲಿಟ್ಟೆ.